ಮಾದಪ್ಪನ ಬೆಟ್ಟದ ದಾರಿಗೆ ಯಾವ ಸ್ಲೀಪಿಂಗ್ ಬ್ಯಾಗ್?

ಯಳಂದೂರು ತಾಲ್ಲೂಕಿನ ಅಗರದಿಂದ ಮಾತಾಡ್ತಿದ್ದೀನಿ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋ ಗೆಳೆಯರು ಕೇಳ್ತಾರೆ: ಹಗುರವಾದ ಸ್ಲೀಪಿಂಗ್ ಬ್ಯಾಗ್ ಯಾವುದು ತಗೊಳ್ಳೋದು?

ಹೋದ ವರ್ಷ ನಾನು ಕವರ್ ಮೇಲೆ ‘0 ಡಿಗ್ರಿ’ ಅಂತ ನೋಡಿ ತಗೊಂಡೆ. ತಾಳಬೆಟ್ಟದಲ್ಲಿ ರಾತ್ರಿಯಿಡೀ ನಡುಗಿದೆ. ಊರಿಗೆ ಬಂದು ಲೇಬಲ್ ಓದಿದೆ. ಅಲ್ಲಿ ಮೂರು ಅಂಕಿ ಇತ್ತು: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. 0 ಇದ್ದದ್ದು ಎಕ್ಸ್‌ಟ್ರೀಮ್ ಎದುರು. ಅದು ಜೀವ ಉಳಿಯೋ ಲೆಕ್ಕ, ನಿದ್ದೆಯ ಲೆಕ್ಕ ಅಲ್ಲ. ನಾವು ನೋಡಬೇಕಾದ್ದು ಕಂಫರ್ಟ್.

ಇನ್ನೊಂದು ತಪ್ಪು, ಬರೀ ನೆಲದ ಮೇಲೆ ಮಲಗಿದ್ದು. ಮೈಭಾರಕ್ಕೆ ಬ್ಯಾಗಿನ ಕೆಳಪದರ ಚಪ್ಪಟೆಯಾಗಿ ನೆಲದ ತಂಪು ಬೆನ್ನಿಗೆ ಹತ್ತುತ್ತೆ. ಕೆಳಗೆ ಫೋಮ್ ಮ್ಯಾಟ್ ಬೇಕೇ ಬೇಕು.

ಬಾತುಕೋಳಿಯ ಮೆತ್ತನೆ ಪುಕ್ಕ ತುಂಬಿದ ಡೌನ್ ಬ್ಯಾಗ್ ಹಗುರ, ಆದರೆ ದುಬಾರಿ, ನೆನೆದರೆ ಬೆಚ್ಚಗಿರಲ್ಲ. ಸಿಂಥೆಟಿಕ್ ಸ್ವಲ್ಪ ಭಾರ, ಆದರೆ ಇಬ್ಬನಿ ಬಿದ್ದರೂ ಒಂದಿಷ್ಟು ಕಾವು ಉಳಿಸುತ್ತೆ. ನಮ್ಮ ಕಡೆಯ ಚಳಿಗೆ ಅದೇ ಸಾಕು.

ಕೊನೆಗೊಂದು ಮಾತು. ಈ ಕಾಡು 2013ರಿಂದ ವನ್ಯಜೀವಿ ಧಾಮ, ಆನೆಗಳು ಓಡಾಡೋ ಜಾಗ. ಬ್ಯಾಗ್ ಎಷ್ಟೇ ಬೆಚ್ಚಗಿರಲಿ, ಕಾಡೊಳಗೆ ಮಲಗಬೇಡಿ. ಜನ ತಂಗೋ ಕಡೆಯೇ ಹಾಸಿಕೊಳ್ಳಿ.