ಬಲೆ, ಕಾಂಡ್ಲಾ ಮತ್ತು ತೋಡು: ಎರಡು ನಗರಗಳ ಪಾಠ



ರಜೆ ಬಂತೆಂದರೆ ನಮ್ಮಲ್ಲಿ ಹಲವರು ಕೊಚ್ಚಿ, ತಿರುವನಂತಪುರದ ರೈಲು ಹತ್ತುತ್ತೇವೆ. ಚೀನೀ ಬಲೆಯ ಮುಂದೆ ಒಂದು ಫೋಟೋ, ಅನಂತ ಪದ್ಮನಾಭನ ದರ್ಶನ, ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್. ಪ್ರವಾಸ ಮುಗಿಯಿತು! ಈ ಸಲ ಅವೆರಡು ಊರುಗಳನ್ನು ಬೇರೆ ಕಣ್ಣಿನಿಂದ ನೋಡೋಣ.

ಫೋರ್ಟ್ ಕೊಚ್ಚಿಯ ಚೀನೀ ಬಲೆಯನ್ನೇ ತೆಗೆದುಕೊಳ್ಳಿ. ತೇಗದ ದಿಮ್ಮಿ, ಭಾರಕ್ಕೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳು, ಎಳೆಯಲು ನಾಲ್ಕಾರು ಜನ. ಉಪ್ಪುನೀರಿಗೆ ಮರ ಕೊಳೆಯುತ್ತದೆ, ಹೊಸ ತೇಗ ದುಬಾರಿ. ಅದಕ್ಕಿಂತ ದೊಡ್ಡ ಕಷ್ಟ ನೀರಿನದು. ಬಲೆ ಮೇಲೆದ್ದಾಗ ಮೀನಿನ ಜತೆ ಪ್ಲಾಸ್ಟಿಕ್ ಮತ್ತು ಅಂತರಗಂಗೆಯೂ ಬರುತ್ತವೆ. ಮೀನೇ ಸಿಗದಿದ್ದರೆ ಬಲೆ ಬರೀ ಪ್ರದರ್ಶನದ ವಸ್ತು. ಅಂದರೆ, ಹಿನ್ನೀರನ್ನು ಉಳಿಸದೆ ಬಲೆಯನ್ನು ಉಳಿಸಲಾಗದು.

ಅದೇ ಕೊಚ್ಚಿಯಲ್ಲಿ ಹೈಕೋರ್ಟಿನ ಹಿಂದೆ ಮಂಗಳವನವಿದೆ. ಮೂರು ಹೆಕ್ಟೇರ್ ಕೂಡ ಇಲ್ಲದ ಕಾಂಡ್ಲಾ ಕಾಡು. 2004ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಉಬ್ಬರವಿಳಿತದ ನೀರು ಒಂದು ಕಾಲುವೆಯಿಂದ ಒಳಗೆ ಬರಬೇಕು. ಕಾಲುವೆ ಕಟ್ಟಿಕೊಂಡರೆ ಕಾಡೂ ಇಲ್ಲ, ಕೊಕ್ಕರೆಯೂ ಇಲ್ಲ.

ನಿಯಮ ಮೀರಿದರೆ ಏನಾಗುತ್ತದೆ? ಮರಡು ನೆನಪಿದೆಯಲ್ಲ? ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಹಿನ್ನೀರಿನ ದಡದಲ್ಲಿ ಎದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡವಲು 2019ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಅವನ್ನು ಉರುಳಿಸಲಾಯಿತು. ಮನೆ ಕೊಂಡವರು ಮನೆ ಬಿಟ್ಟು ಹೊರಡಬೇಕಾಯಿತು. ಅನುಮತಿ ಕೊಡುವ ದಿನವೇ ತಡೆದಿದ್ದರೆ ಇಷ್ಟೆಲ್ಲ ಬೇಕಿತ್ತೇ?

ಇನ್ನು ತಿರುವನಂತಪುರ. ಕೋಟೆಯೊಳಗೆ, ದೇವಸ್ಥಾನದ ಪಕ್ಕದಲ್ಲೇ ಕುದಿರಮಾಳಿಗ ಅರಮನೆ. ಸೂರಿನ ಕೆಳಗೆ ಸಾಲುಗಟ್ಟಿ ನಿಂತ 122 ಮರದ ಕುದುರೆಗಳು. ಕಟ್ಟಿಸಿದವರು ಸ್ವಾತಿ ತಿರುನಾಳ್ ಮಹಾರಾಜರು. ಕನ್ನಡದಲ್ಲೂ ಕೃತಿ ರಚಿಸಿದವರು. ಅಲ್ಲಿಂದ ಸ್ವಲ್ಪ ದೂರದಲ್ಲಿ, ತಂಬಾನೂರು ರೈಲು ನಿಲ್ದಾಣದ ಅಡಿಯಲ್ಲಿ ಆಮಯಿಳಂಜಾನ್ ತೋಡು ಹರಿಯುತ್ತದೆ. ಅದರಲ್ಲಿ ಕಸ ತುಂಬಿದಾಗ ಜೋರು ಮಳೆಗೆ ನಗರದ ನಡುಭಾಗವೇ ಮುಳುಗುತ್ತದೆ. 2015ರಲ್ಲಿ ‘ಆಪರೇಷನ್ ಅನಂತ’ ಹೆಸರಿನಲ್ಲಿ ಚರಂಡಿಗಳನ್ನು ಬಿಡಿಸುವ ಕೆಲಸ ನಡೆಯಿತು. ಆದರೆ ಕಸ ಮತ್ತೆ ಬಂತು. 2024ರ ಜುಲೈನಲ್ಲಿ ಆ ತೋಡಿನ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋದರು. ಮೂರನೆಯ ದಿನ ಶವ ಸಿಕ್ಕಿತು. ನಾವು ಎಸೆಯುವ ಒಂದೊಂದು ಚೀಲದ ಲೆಕ್ಕ ಕೊನೆಗೆ ಯಾರ ತಲೆಗೆ ಬರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಹಳೇ ಅರಮನೆಗೆ ಟಿಕೆಟ್ ಇಟ್ಟು ಬಣ್ಣ ಬಳಿಯುವುದು ಸುಲಭ. ಅದರ ಸುತ್ತಲಿನ ಕೆರೆ, ತೋಡು, ಮರಗಳನ್ನು ಕಾಯುವುದು ಕಷ್ಟ. ಎರಡೂ ಒಂದೇ ಕೆಲಸ ಎಂದು ತಿಳಿದ ಊರು ಮಾತ್ರ ಉಳಿಯುತ್ತದೆ.

ಮುಂದಿನ ಸಲ ಅಲ್ಲಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: ಇಲ್ಲಿ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ? ವಾಪಸು ಬಂದು ನಿಮ್ಮ ಬೀದಿಯಲ್ಲೂ ಅದನ್ನೇ ಕೇಳಿ. ಉತ್ತರ ಸಿಕ್ಕರೆ ನೆರೆಯವರಿಗೂ ತಿಳಿಸಿ.