ಭಟ್ಕಳದ ಕಲ್ಲಿನ ಮಾಡು ಕಲಿಸುವ ಪಾಠ

ಮುರ್ಡೇಶ್ವರಕ್ಕೆ ಬರುವ ಕಾಲೇಜು ಟೂರ್‌ಗಳು 123 ಅಡಿಯ ಶಿವನ ಮುಂದೆ ಸೆಲ್ಫಿ ತೆಗೆದುಕೊಂಡು ಹಾಗೇ ಹೊರಟುಬಿಡುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ದೂರದ ಭಟ್ಕಳದಲ್ಲಿ ಇಳಿಯುವವರು ಕಡಿಮೆ. ‘ಅಲ್ಲಿ ನೋಡೋಕೆ ಏನಿದೆ ಮಾರಾಯ?’ ಎನ್ನುತ್ತಾರೆ ಹಾಸ್ಟೆಲ್ ಗೆಳೆಯರು. ಅವರಿಗೆ ಗೊತ್ತಿರುವುದು ಸುದ್ದಿಯಲ್ಲಿ ಕೇಳಿದ ಹೆಸರು ಮಾತ್ರ. ನಾನು ಕುಮಟಾ ತಾಲ್ಲೂಕಿನ ಸಂತೆಗುಳಿಯವ, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕಟ್ಟಡ ಕಟ್ಟಲು ಕಲಿಯುವವರು ಭಟ್ಕಳವನ್ನು ನೋಡಲೇಬೇಕು ಎಂಬುದು ನನ್ನ ಉತ್ತರ.

ವಿಜಯನಗರದ ಕಾಲದಲ್ಲಿ ಇದು ದೊಡ್ಡ ಬಂದರು. ಅರಬ್ ನಾಡಿನ ಕುದುರೆಗಳು ಇಲ್ಲಿಳಿದು ಘಟ್ಟ ಹತ್ತುತ್ತಿದ್ದವು. ಕಾಳುಮೆಣಸು, ಅಕ್ಕಿ ಇಲ್ಲಿಂದ ಹಡಗು ಏರುತ್ತಿದ್ದವು. 1542ರಲ್ಲಿ ಪೋರ್ಚುಗೀಸರು ಊರನ್ನು ಸೂರೆ ಮಾಡಿದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದವರೂ ಅವರೇ. ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ, ಅದರ ಮುಂದೆ ಮಾನಸ್ತಂಭ. ನವಾಯತರ ಓಣಿಗಳಲ್ಲಿ ಕೊಂಕಣಿಗೆ ಅರಬ್ಬಿ, ಪರ್ಷಿಯನ್ ಪದಗಳು ಬೆರೆತ ನವಾಯತಿ ಭಾಷೆ ಕಿವಿಗೆ ಬೀಳುತ್ತದೆ. ಹಸಿವಾದರೆ ಇಲ್ಲಿಯದೇ ಆದ ಶಾವಿಗೆ ಬಿರಿಯಾನಿ ಉಂಟು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ. 16ನೇ ಶತಮಾನದ್ದು. ಹೊರಗೋಡೆಯ ರಾಮಾಯಣದ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಒಮ್ಮೆ ಮಾಡನ್ನೂ ನೋಡಿ. ಅಗಲವಾದ ಕಲ್ಲಿನ ಹಾಸುಗಳನ್ನು ಇಳಿಜಾರಾಗಿ ಹೊದಿಸಿ, ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ನೀರು ಒಳಗಿಳಿಯುವ ಮೊದಲೇ ಜಾರಿಹೋಗಬೇಕು ಎಂಬುದು ಲೆಕ್ಕ. ಪಕ್ಕದಲ್ಲಿ ಓರೆಯಾಗಿ ಜೋಡಿಸಿದ ಕಲ್ಲಿನ ಪಟ್ಟಿಗಳ ಜಾಲರಿ. ಗಾಳಿ, ಬೆಳಕು ಒಳಗೆ; ಇರಚಲು ಹೊರಗೆ. ಮರದ ಮನೆ ಕಟ್ಟುವ ಕರಾವಳಿಯ ಜಾಣ್ಮೆಯನ್ನೇ ಕಲ್ಲಿಗೆ ಇಳಿಸಿದ್ದಾರೆ.

ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. 2022ರ ಆಗಸ್ಟ್‌ ಆರಂಭದಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಸುರಿದಾಗ ಭಟ್ಕಳದ ಪೇಟೆ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. ಇಂಥ ಊರುಗಳಲ್ಲಿ ಈಗ ನಾವು ಕಟ್ಟುತ್ತಿರುವುದು ಚಪ್ಪಟೆ ಆರ್‌ಸಿಸಿ ತಾರಸಿ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಸೋರುತ್ತದೆ, ಮೇಲೊಂದು ತಗಡಿನ ಶೀಟು ಏರುತ್ತದೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ಗುಡ್ಡ ಕಡಿದು ಸೈಟು ಮಾಡುವಾಗಲೂ ಅಷ್ಟೇ, ನೀರು ಎಲ್ಲಿ ಹೋಗಬೇಕು ಎಂದು ಕೇಳುವವರಿಲ್ಲ. ನಾಳೆ ಆ ನಕ್ಷೆಗಳಿಗೆ ಸಹಿ ಹಾಕುವವರು ಇಂದು ತರಗತಿಯಲ್ಲಿ ಕೂತಿರುವ ನಾವೇ ಅಲ್ಲವೇ?

ಕಲ್ಲಿನ ಮಾಡನ್ನೇ ಮತ್ತೆ ಹಾಕಿ ಎನ್ನುತ್ತಿಲ್ಲ, ಅದು ಈಗ ಯಾರ ಕೈಗೂ ಎಟುಕದು. ಆದರೆ ಇಳಿಜಾರು, ಸಂದಿನ ಮುಚ್ಚಿಗೆ, ಗಾಳಿಯ ದಾರಿ, ಈ ಮೂರು ಯೋಚನೆಗಳಿಗೆ ದುಡ್ಡು ಬೇಕಿಲ್ಲ.

ಕೊಂಕಣ ರೈಲಿನಲ್ಲೋ, ಹೆದ್ದಾರಿ 66ರ ಬಸ್ಸಿನಲ್ಲೋ ಬನ್ನಿ. ಫೋನಿನ ಜೊತೆ ಒಂದು ನೋಟ್‌ಬುಕ್ ಇರಲಿ. ಮಾಡಿನ ಓರೆ, ಜಾಲರಿಯ ಜೋಡಣೆಯನ್ನು ಕೈಯಾರೆ ಬಿಡಿಸಿಕೊಳ್ಳಿ. ಕ್ಯಾಂಪಸ್ ಸಂದರ್ಶನದಲ್ಲಿ ‘ನೀವೇ ಗಮನಿಸಿದ ಒಂದು ಕಟ್ಟಡದ ಬಗ್ಗೆ ಹೇಳಿ’ ಎಂದರೆ, ಆ ಪುಟ ನಿಮ್ಮ ಕೈಹಿಡಿಯುತ್ತದೆ.