ಅಂಜುದೀವದ ಎರಡು ಮಳೆಗಾಲ

ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಹೆದ್ದಾರಿ ಅಮದಳ್ಳಿ ದಾಟಿ ಅರ್ಗಾ ಸೇರುವಾಗ ಬಲಕ್ಕೆ ಹಸಿರು ಗುಡ್ಡ, ಎಡಕ್ಕೆ ನೌಕಾನೆಲೆಯ ಗೋಡೆ. ಅದರಾಚೆಯ ಕಡಲಲ್ಲಿ ಬೆನ್ನುಬ್ಬಿಸಿ ಕುಳಿತಿದೆ ಅಂಜುದೀವ. ಸುಮಾರು ಒಂದೂವರೆ ಚದರ ಕಿ.ಮೀ. ನೆಲ. ಕಾರವಾರದ ಕಣ್ಣಳತೆಯಲ್ಲೇ ಇದ್ದರೂ ಸೇರಿರುವುದು ಗೋವಾಕ್ಕೆ.

ಮುಂಬೈ ಇಂಗ್ಲಿಷರ ಕೈಸೇರಿದ ಕಥೆಯ ಅತಿ ಸಂಕಟದ ಭಾಗ ನಡೆದದ್ದು ಇಲ್ಲಿ. 1661ರಲ್ಲಿ ಪೋರ್ಚುಗಲ್ಲಿನ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಕೊಡುವ ಒಪ್ಪಂದದಲ್ಲಿ ಮುಂಬೈ ಬಳುವಳಿಯಾಯಿತು. ಮರುವರ್ಷ ಸರ್ ಅಬ್ರಹಾಂ ಶಿಪ್‌ಮನ್ ನಾನೂರು ಸೈನಿಕರೊಡನೆ ಅದನ್ನು ವಹಿಸಿಕೊಳ್ಳಲು ಬಂದ. ಪೋರ್ಚುಗೀಸ್ ವೈಸ್‌ರಾಯ್ ಮೆಲೊ ದ ಕಾಸ್ಟ್ರೊ ಅಧಿಕಾರಪತ್ರ ಸರಿಯಿಲ್ಲವೆಂದ. ಮುಂಬೈಯ ಜೊತೆ ಸಾಷ್ಟಿ, ಠಾಣೆಯೂ ಸೇರಿದೆಯೇ ಎಂಬ ತಗಾದೆ ಬೇರೆ. ಸೂರತ್ತಿನ ಕಂಪನಿ ಮುಖ್ಯಸ್ಥ ಜಾರ್ಜ್ ಆಕ್ಸೆಂಡನ್‌ಗೆ ಮೊಗಲರ ಅಂಜಿಕೆ. ಶಸ್ತ್ರಧಾರಿಗಳು ಇಳಿದರೆ ವ್ಯಾಪಾರ ಕೆಟ್ಟೀತು. ಯಾರಿಗೂ ಬೇಡವಾದ ಪಡೆ ಪಾಳುಬಿದ್ದಿದ್ದ ಈ ದ್ವೀಪದಲ್ಲಿ ಇಳಿಯಿತು.

ಈ ಕರಾವಳಿಯ ಆಷಾಢ ಕಂಡವರು ಮುಂದಿನದನ್ನು ಊಹಿಸಬಲ್ಲರು. ಕಡಲು ಕಪ್ಪಿಟ್ಟು ಮೊರೆಯುತ್ತದೆ, ಮೀನುಗಾರರೇ ದೋಣಿಯನ್ನು ದಡಕ್ಕೆಳೆದು ಕಟ್ಟುತ್ತಾರೆ, ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅಂಥ ಎರಡು ಮಳೆಗಾಲ, 1663 ಮತ್ತು 1664. ಸರಿಯಾದ ಸೂರಿಲ್ಲ, ಸಾಕಷ್ಟು ಊಟವಿಲ್ಲ, ಜ್ವರ ಬಿಡುವುದಿಲ್ಲ. ಶಿಪ್‌ಮನ್ 1664ರ ಏಪ್ರಿಲ್‌ನಲ್ಲಿ ತೀರಿಕೊಂಡ. ಸೈನಿಕರಲ್ಲಿ ಕೊನೆಗೆ ಉಳಿದವರು ನೂರರ ಆಸುಪಾಸು.

ವೈಸ್‌ರಾಯ್‌ನನ್ನು ಖಳನೆನ್ನಲು ನನಗೆ ಮನಸ್ಸಿಲ್ಲ. ಇಂಗ್ಲಿಷರು ಮುಂಬೈಯಲ್ಲಿ ನೆಲೆಯೂರಿದರೆ ತಮ್ಮವರ ಇಂಡಿಯಾ ಕೈಬಿಟ್ಟಂತೆಯೇ ಎಂದು ತನ್ನ ದೊರೆಗೆ ಬರೆದವನು ಅವನು, ದೂರ ಕಂಡಿದ್ದ. ಆಕ್ಸೆಂಡನ್‌ನ ಅಂಜಿಕೆಯೂ ಸುಳ್ಳಲ್ಲ. ಆದರೆ ಗೋವಾ, ಸೂರತ್, ಲಿಸ್ಬನ್, ಲಂಡನ್‌ಗಳ ನಡುವೆ ತಿಂಗಳುಗಟ್ಟಲೆ ಕಾಗದ ತೇಲುತ್ತಿದ್ದಾಗ, ಅರ್ಗಾದ ಎದುರಿನ ಬಂಡೆಗಳ ಮೇಲೆ ಒಬ್ಬೊಬ್ಬರಾಗಿ ಸಾಯುತ್ತಿದ್ದವರ ಪರವಾಗಿ ಮಾತಾಡುವವರು ಯಾವ ದರಬಾರಿನಲ್ಲೂ ಇರಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್ ಗೋವಾದವರು ಇಟ್ಟ ಬಿಗಿ ಷರತ್ತುಗಳಿಗೆ ಸಹಿ ಹಾಕಿ, 1665ರ ಫೆಬ್ರವರಿಯಲ್ಲಿ ಮುಂಬೈ ವಹಿಸಿಕೊಂಡ. ಇಷ್ಟೆಲ್ಲ ಬಿಟ್ಟುಕೊಟ್ಟನೆಂದು ಲಂಡನ್ ಆ ಒಪ್ಪಂದವನ್ನೇ ತಳ್ಳಿಹಾಕಿತು. ಅವನು ಸಹಿ ಹಾಕಿದ್ದು ಜನವರಿಯಲ್ಲಿ. ಮೂರನೆಯ ಮಳೆಗಾಲಕ್ಕೆ ಐದೇ ತಿಂಗಳಿತ್ತು.